ಡಿಡಿರೆಸ್ಕ್ಯೂ ಬಳಸಿ ಆರು ವರ್ಷ: ಮೊದಲು ಕಾಪಿ, ಆಮೇಲೆ ರಿಪೇರಿ

ಮೊದಲ ಸಲ ಡಿಸ್ಕ್ ಕೈಕೊಟ್ಟಾಗ ಕೆಟ್ಟ ಡಿಸ್ಕ್‌ನಿಂದ ಡೇಟಾ ಕಾಪಿ ಮಾಡಿಕೊಳ್ಳುವ ಡಿಡಿರೆಸ್ಕ್ಯೂ ನನ್ನ ಹತ್ತಿರ ಇರಲಿಲ್ಲ. ಫೈಲ್ ತೆರೆದರೆ ಇನ್‌ಪುಟ್ ಔಟ್‌ಪುಟ್ ಎರರ್ ಬರುತ್ತಿತ್ತು. ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹಾಳಾಗಿದೆ, ಸರಿ ಮಾಡಿದರಾಯ್ತು ಅಂತ ಆ ಡಿಸ್ಕ್ ಮೇಲೇ, ಅದನ್ನು ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿದೆ. ಕೇಳಿದ್ದಕ್ಕೆಲ್ಲ ವೈ ಒತ್ತುತ್ತಾ ಹೋದೆ. ಮುಗಿದಾಗ ಫೋಲ್ಡರ್‌ಗಳೇ ಇಲ್ಲ. ಅನಾಥ ಫೈಲ್‌ಗಳನ್ನು ಎಫ್‌ಎಸ್‌ಸಿಕೆ ತಂದು ಹಾಕುವ ಲಾಸ್ಟ್ ಪ್ಲಸ್ ಫೌಂಡ್ ಒಳಗೆ ಬರೀ ನಂಬರ್ ಹೊತ್ತ ಫೈಲ್‌ಗಳ ರಾಶಿ. ಆಮೇಲೆ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದರೆ 197 ನಂಬರಿನ ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಪೆಂಡಿಂಗ್ ಸೆಕ್ಟರ್‌ಗಳ (ಸೆಕ್ಟರ್ ಅಂದರೆ ಡಿಸ್ಕ್‌ನ ಒಂದು ಚಿಕ್ಕ ತುಂಡು) ಲೆಕ್ಕದಲ್ಲಿ, ನೂರಾರು. ಮೊದಲೇ ನೋಡಬೇಕಿತ್ತು ಅಲ್ವಾ?

ಅಲ್ಲಿಂದೀಚೆಗೆ ಗ್ನೂ ಡಿಡಿರೆಸ್ಕ್ಯೂವನ್ನು ನಾಲ್ಕು ಸಲ ಬಳಸಿದ್ದೇನೆ. ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದ ಉಚಿತ ತಂತ್ರಾಂಶ ಇದು. ಫೈಲ್‌ಸಿಸ್ಟಮ್ ಅಂದರೆ ಏನು ಅನ್ನೋದೇ ಇದಕ್ಕೆ ಗೊತ್ತಿಲ್ಲ. ಸೆಕ್ಟರ್‌ಗಳನ್ನು ಓದಿ ಬೇರೆ ಕಡೆ ಇಮೇಜ್ (ಇಡೀ ಡಿಸ್ಕ್‌ನ ನಕಲಿರುವ ಒಂದು ಫೈಲ್) ಆಗಿ ಬರೆಯುತ್ತದೆ, ಅಷ್ಟೇ.

ಇದರ ಜಾಣತನ ಇರುವುದು ಓದುವ ಕ್ರಮದಲ್ಲಿ. ಮಾಮೂಲಿ ಕಾಪಿ ಕೆಟ್ಟ ಜಾಗ ಸಿಕ್ಕ ಕಡೆ ಒದ್ದಾಡುತ್ತಾ ಕೂರುತ್ತದೆ. ಅಷ್ಟರಲ್ಲಿ ಇದ್ದಬದ್ದ ಉಸಿರೂ ಹೋಗಬಹುದು. ಡಿಡಿರೆಸ್ಕ್ಯೂ ಅಲ್ಲಿಂದ ಹಾರಿ ಮುಂದೆ ಹೋಗುತ್ತದೆ. ಸುಲಭಕ್ಕೆ ಸಿಗೋದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಹಾಳಾದ ಜಾಗದ ಅಂಚುಗಳನ್ನು ಕತ್ತರಿಸಿಕೊಳ್ಳುತ್ತದೆ. ಕೊನೆಗೆ ಒಳಗಿನದನ್ನು ಒಂದೊಂದೇ ಸೆಕ್ಟರ್ ಆಗಿ ಕೆರೆಯುತ್ತದೆ. ನನ್ನ 1 ಟಿಬಿ ಡಿಸ್ಕ್‌ನಲ್ಲಿ ಬಹುಪಾಲು ಒಂದು ರಾತ್ರಿಯಲ್ಲೇ ಬಂತು. ಉಳಿದ 40 ಎಂಬಿಗೆ ಎರಡು ದಿನ ಹಿಡಿಯಿತು. ನಡುವೆ ಡಿಸ್ಕ್ ಎರಡು ಸಲ ಕಾಣೆಯಾಯಿತು. ಪವರ್ ತೆಗೆದು ಹಾಕಿ, ಅದೇ ಕಮಾಂಡ್ ಮತ್ತೆ ಕೊಟ್ಟೆ. ಬಿಟ್ಟಲ್ಲಿಂದಲೇ ಶುರು. ಯಾವ ಸೆಕ್ಟರ್ ಬಂತು, ಯಾವುದು ಬಾಕಿ ಅನ್ನೋದನ್ನು ಮ್ಯಾಪ್‌ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕಮಾಂಡ್‌ನಲ್ಲಿ ಮ್ಯಾಪ್‌ಫೈಲ್ ಹೆಸರು ಕೊಡೋದನ್ನು ಮರೆತರೆ ಅರ್ಧ ಉಪಯೋಗ ಹೋಯ್ತು.

ಎಫ್‌ಎಸ್‌ಸಿಕೆ ಸರದಿ ಈಗ. ಅದೂ ಇಮೇಜ್‌ನ ಇನ್ನೊಂದು ಕಾಪಿ ಮೇಲೆ. ಆ ಸಲ ಇಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್‌ಸಿಸ್ಟಮ್‌ನ ಮುಖ್ಯ ಸೂಪರ್‌ಬ್ಲಾಕೇ, ಅಂದರೆ ಅದರ ಮೂಲ ವಿವರ ಇರುವ ಜಾಗವೇ, ಓದಲು ಬಂದಿರಲಿಲ್ಲ. ಬ್ಲಾಕ್ 4 ಕೆಬಿಯದಾದರೆ 32768ನೇ ಬ್ಲಾಕ್‌ನಲ್ಲಿ ಅದರ ನಕಲು ಇರುತ್ತದೆ. ಅದನ್ನು ತೋರಿಸಿ ಓಡಿಸಿದೆ, ಫೋಲ್ಡರ್‌ಗಳು ಹೆಸರಿನ ಸಮೇತ ಎದ್ದು ಕೂತವು. ತಪ್ಪಾಗಿದ್ದರೂ ಹೋಗುತ್ತಿದ್ದದ್ದು ಒಂದು ಕಾಪಿ ಮಾತ್ರ. ಫೈಲ್‌ಸಿಸ್ಟಮ್ ಪೂರ್ತಿ ಹೋದ ಒಂದು ಪೆನ್‌ಡ್ರೈವ್‌ಗೆ, ಫೈಲ್‌ಗಳನ್ನು ಅವುಗಳ ಒಳಗಿನ ಗುರುತಿನಿಂದಲೇ ಹುಡುಕಿ ತೆಗೆಯುವ ಫೋಟೊರೆಕ್ ಬಳಸಬೇಕಾಯಿತು. ಫೋಟೊಗಳೇನೋ ಬಂದವು. ಹೆಸರು, ಫೋಲ್ಡರ್ ಎರಡೂ ಇಲ್ಲ.

ತಕರಾರುಗಳೂ ಇವೆ. ಕಮಾಂಡ್‌ನಲ್ಲಿ ಮೊದಲು ಕೊಡೋದು ಕೆಟ್ಟ ಡಿಸ್ಕ್, ಎರಡನೆಯದು ಬರೆಯುವ ಜಾಗ. ಅದಲುಬದಲಾದರೆ ಕಥೆ ಮುಗಿಯಿತು. ನಾನು ಸೀರಿಯಲ್ ನಂಬರ್ ನೋಡಿ, ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ನೋಡುತ್ತೇನೆ. ಡಿಸ್ಕ್‌ನಲ್ಲಿ 60 ಜಿಬಿ ಮಾತ್ರ ತುಂಬಿದ್ದರೂ ಖಾಲಿ ಜಾಗವನ್ನೂ ಸುಮ್ನೆ ಓದುತ್ತಾ ಹೋಗುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ, ಕಮಾಂಡ್ ಮಾತ್ರ ಡಿಡಿರೆಸ್ಕ್ಯೂ. ಯಾಕೋ ಪ್ರತಿ ಸಲ ಮರೆಯುತ್ತೇನೆ.

ಟಕ್ ಟಕ್ ಸದ್ದು ಮಾಡುವ ಡಿಸ್ಕ್‌ಗೆ ಇದು ಬೇಡ. ಓದುವ ಹೆಡ್ ಕೆಟ್ಟಿದ್ದರೆ ಓಡಿಸಿದಷ್ಟೂ ಪ್ಲಾಟರ್ (ಡೇಟಾ ಇರುವ ತಟ್ಟೆ) ಗೀಚಿಹೋಗಬಹುದು. ಪವರ್ ತೆಗೆಯಿರಿ, ಡೇಟಾ ಬೇಕೇ ಬೇಕಿದ್ದರೆ ಲ್ಯಾಬ್‌ಗೆ ಕೊಡಿ. ಪತ್ತೆಯೇ ಆಗದ ಎಸ್‌ಎಸ್‌ಡಿ ಮುಂದೆಯೂ ಡಿಡಿರೆಸ್ಕ್ಯೂ ಕೈಕಟ್ಟಿ ನಿಲ್ಲುತ್ತದೆ.

ಹೋದ ತಿಂಗಳ ಡಿಸ್ಕ್‌ನಲ್ಲಿ ಕೊನೆಗೂ 3 ಎಂಬಿ ಬರಲೇ ಇಲ್ಲ. ಡಿಡಿರೆಸ್ಕ್ಯೂನ ಫಿಲ್ ಮೋಡ್ ಬಳಸಿ, ಇಮೇಜ್‌ನ ಕಾಪಿಯಲ್ಲಿ ಆ ಜಾಗಗಳಿಗೆಲ್ಲ ಒಂದು ಗುರುತಿನ ಪದ ತುಂಬಿಸಿದೆ. ಆ ಪದ ಯಾವ ಫೈಲ್‌ಗಳಲ್ಲಿದೆ ಅಂತ ಹುಡುಕಿದೆ. ಸಿಕ್ಕಿದ್ದು ಎರಡು ವಿಡಿಯೊ. ಎರಡೂ ನಡುವೆ ಒಂದು ಕ್ಷಣ ಬಣ್ಣ ಕಲಸಿಕೊಂಡು, ಮತ್ತೆ ಸರಿಯಾಗಿ ಓಡುತ್ತವೆ.