ಕಿನೋವಿಯಾ: ಎದುರಾಳಿ ರೇಡರ್‌ನ ಕಾಲು ಓದಲು ಒಂದು ಪುಕ್ಕಟೆ ಸಾಫ್ಟ್‌ವೇರ್

ಅಂತರ್‌ಕಾಲೇಜು ಕಬಡ್ಡಿ ಹತ್ತಿರ ಬಂತೆಂದರೆ ಧಾರವಾಡ, ಗದಗ, ಹಾವೇರಿ ಕಡೆ ಎಲ್ಲ ತಂಡಗಳ ಮೊಬೈಲಿನಲ್ಲೂ ಎದುರಾಳಿಯ ನಾಲ್ಕಾರು ವಿಡಿಯೊ ಓಡಾಡುತ್ತವೆ. ನೋಡುವುದು ಮಾತ್ರ ಸಿನಿಮಾ ನೋಡಿದ ಹಾಗೆ. ‘ಆ ಏಳನೇ ನಂಬರಿನವ ಭಾಳ ಫಾಸ್ಟ್ ಅದಾನಲೇ’ ಅನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ. ಫಾಸ್ಟ್ ಎಂಬ ಮಾತಿನಿಂದ ಕಾರ್ನರ್‌ನಲ್ಲಿ, ಅಂದರೆ ಹಿಡಿಯುವವರ ಸಾಲಿನ ತುದಿಯಲ್ಲಿ, ನಿಂತವನಿಗೆ ಮೂರು ಕಾಸಿನ ಉಪಯೋಗವಿಲ್ಲ. ರೇಡರ್, ಅಂದರೆ ದಾಳಿಗೆ ಬರುವವನು, ಯಾವ ಕಾಲು ಮುಂದಿಡುತ್ತಾನೆ, ಎಷ್ಟನೇ ಸೆಕೆಂಡಿಗೆ ನುಗ್ಗುತ್ತಾನೆ, ವಾಪಸ್ ತಿರುಗುವಾಗ ಯಾವ ಹೆಗಲು ಮೊದಲು ಹೊರಳುತ್ತದೆ, ಇಷ್ಟು ಗೊತ್ತಾಗಬೇಕು. ಕಿನೋವಿಯಾ ಇರುವುದು ಈ ಕೆಲಸಕ್ಕೆ.

ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಮೊಬೈಲಿನಲ್ಲಿ ಇಲ್ಲ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ತೆರೆಯುವ ಪೋರ್ಟಬಲ್ ಆವೃತ್ತಿಯೂ ಇರುವುದರಿಂದ, ಏನೂ ಹಾಕಲು ಬಿಡದ ಕಾಲೇಜು ಲ್ಯಾಬಿನಲ್ಲಿ ಅದೇ ಅನುಕೂಲ. ಎಲ್ಲರ ಬಳಿ ಇರುವ ವಿಡಿಯೊ ಪ್ಲೇಯರ್ ವಿಎಲ್‌ಸಿ ಸಾಲದೇ ಎಂದು ಕೇಳುವವರಿದ್ದಾರೆ. ವಿಎಲ್‌ಸಿಯಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಕಿನೋವಿಯಾದಲ್ಲಿ ಬಾಣದ ಕೀಲಿಗಳಿಂದ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ರೇಡರ್ ಪಾದ ಎತ್ತಿದ ಗಳಿಗೆ ಹುಡುಕಲು ಹತ್ತು ಸಲ ಹಿಂದೆ ಮುಂದೆ ಆಡಿಸಬೇಕಾಗುತ್ತದೆ, ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಚಿತ್ರೀಕರಣ ಕೆಟ್ಟರೆ ಸಾಫ್ಟ್‌ವೇರ್ ಏನೂ ಮಾಡಲಾರದು. 1080ಪಿ, ಸೆಕೆಂಡಿಗೆ 60 ಫ್ರೇಮ್ ಇಟ್ಟುಕೊಳ್ಳಿ. 30ರಲ್ಲಿ ಟೋ ಟಚ್ (ಕಾಲ್ಬೆರಳ ತುದಿಯಿಂದ ಮುಟ್ಟುವುದು) ಎರಡು ಫ್ರೇಮ್ ನಡುವೆಯೇ ನುಸುಳಿಬಿಡುತ್ತದೆ. ಟ್ರೈಪಾಡ್ ನಿಲ್ಲಬೇಕಾದದ್ದು ಮಧ್ಯದ ಗೆರೆಯ ನೇರಕ್ಕೆ, ಅಂಕಣದಿಂದ ಐದಾರು ಮೀಟರ್ ಹೊರಗೆ, ಆಳೆತ್ತರಕ್ಕಿಂತ ಮೇಲೆ. ಎದುರಾಳಿ ದಾಳಿ ಮಾಡುವ ಅರ್ಧ ಅಂಕಣ ಕಂಡರೆ ಸಾಕು. ವಿರಾಮದ ನಂತರ ಮೊಬೈಲನ್ನು ಇನ್ನೊಂದು ಅರ್ಧಕ್ಕೆ ತಿರುಗಿಸಿದರಾಯಿತು. ವೈಡ್ ಲೆನ್ಸ್ ಬೇಡ, ಗೆರೆಗಳು ಬಿಲ್ಲಿನಂತೆ ಬಾಗುತ್ತವೆ. ಹಳ್ಳಿ ಪಂದ್ಯಾವಳಿಗಳಲ್ಲಿ ಎತ್ತರ ಸಿಗುತ್ತದೆಂದು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಟ್ರೈಪಾಡ್ ಇಡುವವರುಂಟು. ಒಂದು ತಂಡದವರೆಲ್ಲ ಔಟಾಗಿ ಆಲ್‌ಔಟ್ ಆದಾಗ ಮೇಲಿದ್ದವರೆಲ್ಲ ಕುಣಿದರೆ ಆಮೇಲಿನ ಅಳತೆಯೆಲ್ಲ ಮಣ್ಣುಪಾಲು. ಹೊನಲು ಬೆಳಕಿನ ಪಂದ್ಯದಲ್ಲಿ ಇನ್ನೊಂದು ತೊಡಕು: ಬೆಳಕು ಸಾಲದಿದ್ದರೆ ಎಷ್ಟೋ ಮೊಬೈಲುಗಳು ತಾವಾಗಿಯೇ ಫ್ರೇಮ್ ಇಳಿಸುತ್ತವೆ, ಆಗ ಫ್ರೇಮ್ ಎಣಿಸಿ ಸಮಯ ಹೇಳಿದರೆ ಸುಳ್ಳಾಗುತ್ತದೆ.

ಇನ್ನು ಬಳಕೆ. ಒಂದು ರೇಡನ್ನು ವರ್ಕಿಂಗ್ ಝೋನ್ (ಕೆಲಸಕ್ಕೆ ಬೇಕಾದಷ್ಟೇ ತುಣುಕು) ಆಗಿ ಕತ್ತರಿಸಿಕೊಳ್ಳಿ. ರೇಡರ್ ಮಧ್ಯದ ಗೆರೆ ದಾಟಿದ ಫ್ರೇಮಿನಲ್ಲಿ ಸ್ಟಾಪ್‌ವಾಚ್ ಶುರು ಮಾಡಿ. ವೇಗ ಕಾಲು ಭಾಗಕ್ಕಿಳಿಸಿ ಒಮ್ಮೆ ನೋಡಿ, ಆಮೇಲೆ ಬಾಣದ ಕೀಲಿ. ನುಗ್ಗುವ ಮೊದಲಿನ ಹೆಜ್ಜೆ, ಮುಟ್ಟಿದ ಗಳಿಗೆ, ತಿರುಗಿದ ಗಳಿಗೆ, ಈ ಮೂರನ್ನು ಕೀ ಇಮೇಜ್ ಮಾಡಿ, ಅಂದರೆ ಆ ಫ್ರೇಮನ್ನು ಗುರುತಿಟ್ಟುಕೊಂಡು, ಅಲ್ಲೇ ಟಿಪ್ಪಣಿ ಬರೆಯಿರಿ.

ಇದರ ನಿಜವಾದ ಬೆಲೆ ತಿಳಿಯುವುದು ಬೋನಸ್‌ನಲ್ಲಿ, ಅಂದರೆ ಯಾರನ್ನೂ ಮುಟ್ಟದೆ ಬೋನಸ್ ಗೆರೆ ದಾಟಿ ಗಳಿಸುವ ಪಾಯಿಂಟಿನಲ್ಲಿ. ಹಿಡಿಯುವವರು ಆರು ಅಥವಾ ಏಳು ಜನ ಅಂಕಣದಲ್ಲಿದ್ದಾಗ ಮಾತ್ರ ಬೋನಸ್ ಉಂಟು, ಅದೂ ಒಂದು ಪಾದ ಗೆರೆ ದಾಟಿ ಊರಿದಾಗ ಹಿಂದಿನ ಪಾದ ಗಾಳಿಯಲ್ಲಿರಬೇಕು. ಅಂದರೆ ಆ ಹೊತ್ತಿಗೆ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಹಿಂದಿನ ಪಾದ ನೆಲ ಮುಟ್ಟಲು ಎಷ್ಟು ಫ್ರೇಮ್ ಹಿಡಿಯಿತೆಂದು ಎಣಿಸಿ. 60ರಲ್ಲಿ ಆರು ಫ್ರೇಮ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಕಾರ್ನರ್‌ನವನು ಆಂಕಲ್ ಹೋಲ್ಡ್‌ಗೆ, ಅಂದರೆ ಕಣಕಾಲು ಹಿಡಿಯಲು, ಬೀಳಬೇಕಾದದ್ದು ಅಷ್ಟರೊಳಗೆ. ಎರಡೂ ಪಾದ ಊರಿದ ಮೇಲೆ ಕೈ ಹಾಕಿದರೆ ರೇಡರ್ ಎಳೆದುಕೊಂಡೇ ಹೋಗುತ್ತಾನೆ.

ಓರೆಯಾಗಿ ಕಾಣುವ ನೆಲದ ಮೇಲೆ ಅಳತೆ ಹಿಡಿಯುವ ಜಾಲರಿ, ಪರ್ಸ್ಪೆಕ್ಟಿವ್ ಗ್ರಿಡ್, ಚಂದದ ಸಾಧನ. ಅಂಕಣದ ಎರಡೂ ಬದಿಯ ಲಾಬಿ ಗೆರೆಗಳ ನಡುವೆ 8 ಮೀಟರ್, ಮಧ್ಯದ ಗೆರೆಯಿಂದ ಬಾಕ್ ಲೈನಿಗೆ (ರೇಡರ್ ದಾಟಲೇಬೇಕಾದ ಗೆರೆ) 3.75 ಮೀಟರ್: ಪುರುಷರ ಅಂಕಣದಲ್ಲಿ ಈ ಚೌಕಕ್ಕೆ ಗ್ರಿಡ್‌ನ ನಾಲ್ಕು ಮೂಲೆ ಕೂಡಿಸಿ ಅಳತೆ ಕೊಟ್ಟರೆ, ರೇಡರ್ ಎಷ್ಟು ಆಳಕ್ಕೆ ಬರುತ್ತಾನೆಂದು ತೋರಿಸುತ್ತದೆ. ನೆಲದ ಮೇಲಿರುವ ಪಾದಕ್ಕೆ ಮಾತ್ರ ಈ ಲೆಕ್ಕ ಸರಿ, ಜಿಗಿದವನ ಕಾಲನ್ನು ಅಳೆದರೆ ತಪ್ಪು ಬರುತ್ತದೆ. ಮಣ್ಣಿನ ಅಂಕಣವಾದರೆ ಮೊದಲ ಹತ್ತು ನಿಮಿಷದೊಳಗಿನ ಫ್ರೇಮನ್ನೇ ಆರಿಸಿ, ಆಮೇಲೆ ಸುಣ್ಣದ ಗೆರೆ ಅಳಿಸಿರುತ್ತದೆ.

ಮಿರರ್ ಗುಂಡಿ ಮಾತ್ರ ಒತ್ತಲೇಬೇಡಿ. ದ್ವಿತೀಯಾರ್ಧದಲ್ಲಿ ದಿಕ್ಕು ಬದಲಾಗುತ್ತದಲ್ಲ, ಎರಡನ್ನೂ ಒಂದೇ ದಿಕ್ಕಿಗೆ ತರೋಣವೆಂದು ಚಿತ್ರ ಮಗುಚಿದರೆ ಎಡಗಾಲಿನವನು ಬಲಗಾಲಿನವನಾಗುತ್ತಾನೆ. ಪಟ್ಟಿ ಬರೆಯುವಾಗಲೂ ಎಡ ಬಲ ಎಲ್ಲವನ್ನೂ ಹಿಡಿಯುವವರ ಕಡೆಯಿಂದಲೇ ಬರೆಯಬೇಕು. ರೇಡರ್‌ನ ಬಲ ನಿಮ್ಮ ಎಡ.

ಕೊರತೆ ಏನೆಂದರೆ ಕಿನೋವಿಯಾ ಎಣಿಸಿಕೊಡುವುದಿಲ್ಲ. ಯಾರು ಎಷ್ಟು ರೇಡ್ ಹೋದರು, ಎರಡು ಖಾಲಿ ರೇಡ್ ಆದ ಮೇಲೆ ಡೂ ಆರ್ ಡೈಗೆ (ಪಾಯಿಂಟ್ ತರಲೇಬೇಕಾದ ರೇಡ್) ಯಾರನ್ನು ಕಳಿಸಿದರು, ಹಿಡಿಯುವವರು ಮೂವರೇ ಉಳಿದಾಗ ಸೂಪರ್ ಟ್ಯಾಕಲ್‌ಗೆ (ಆಗ ಹಿಡಿದರೆ ಅವರಿಗೆ ಹೆಚ್ಚುವರಿ ಪಾಯಿಂಟ್) ಹೆದರಿ ಹೊತ್ತು ಕಳೆದರೇ ಎಂಬುದಕ್ಕೆಲ್ಲ ಬೇರೆ ನೋಟ್‌ಬುಕ್ಕೇ ಗತಿ. 40 ನಿಮಿಷದ ಪಂದ್ಯದಲ್ಲಿ ಒಂದು ತಂಡ ಹೆಚ್ಚುಕಡಿಮೆ 40 ರೇಡ್ ಹೋಗುತ್ತದೆ. ಎಲ್ಲವನ್ನೂ ಫ್ರೇಮ್ ಫ್ರೇಮ್ ಬಿಡಿಸಲು ಕೂತರೆ ಪಂದ್ಯವೇ ಮುಗಿದಿರುತ್ತದೆ. ಮುಖ್ಯ ರೇಡರ್ ಮತ್ತು ಡೂ ಆರ್ ಡೈಗೆ ಬರುವವನು, ಈ ಇಬ್ಬರದು ಸಾಕು. 2019ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಹರಿಯಾಣ ಸ್ಟೀಲರ್ಸ್ ಮೇಲೆ ಒಬ್ಬನೇ 39 ರೇಡ್ ಪಾಯಿಂಟ್ ತಂದಿದ್ದ. ಕಾಲೇಜು ತಂಡಗಳಲ್ಲೂ ಭಾರವೆಲ್ಲ ಒಬ್ಬಿಬ್ಬರ ಮೇಲೇ ಇರುತ್ತದೆ.

ಕೊನೆಗೆ ಹತ್ತತ್ತು ಸೆಕೆಂಡಿನ ಮೂರು ತುಣುಕು ನಿಧಾನಗತಿಯಲ್ಲೇ ಎಕ್ಸ್‌ಪೋರ್ಟ್ ಮಾಡಿ ಕಾರ್ನರ್ ಮತ್ತು ಸಾಲಿನ ನಡುವೆ ನಿಲ್ಲುವ ಕವರ್ ಆಟಗಾರರಿಗೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿಯೇ ಹೋಗಲಿ. ಮಾಮೂಲಿ ವಿಡಿಯೊ ಎಂದು ಕಳಿಸಿದರೆ ಪಾದದ ತುದಿಯೂ ಬೋನಸ್ ಗೆರೆಯೂ ಒಂದರಲ್ಲೊಂದು ಕಲಸಿಹೋಗಿರುತ್ತವೆ.