ಬಿಗ್‌ಇಂಟ್ ಜೊತೆ ಮೂರು ವರ್ಷ: ಲೆಕ್ಕ ಪಕ್ಕಾ, ಜೇಸನ್ ಕಾಟ

ಮೂರು ವರ್ಷದಿಂದ ಟೋಕನ್ (ಕ್ರಿಪ್ಟೋ ನಾಣ್ಯ) ಲೆಕ್ಕವನ್ನೆಲ್ಲ ಜಾವಾಸ್ಕ್ರಿಪ್ಟ್‌ನ ಬಿಗ್‌ಇಂಟ್‌ನಲ್ಲೇ, ಅಂದರೆ ದೊಡ್ಡ ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಸಂಖ್ಯಾ ಮಾದರಿಯಲ್ಲೇ ಮಾಡುತ್ತಿದ್ದೇನೆ. ಕಾರಣ, 11 ವೇ.

ವೇ ಅಂದರೆ ಈಥರ್ ಅನ್ನೋ ಕ್ರಿಪ್ಟೋ ನಾಣ್ಯದ ಅತಿ ಸಣ್ಣ ಚಿಲ್ಲರೆ. ಒಂದು ಈಥರ್ ಅಂದರೆ 1ರ ಮುಂದೆ 18 ಸೊನ್ನೆ ಹಾಕಿದಷ್ಟು ವೇ. ನಮ್ಮ ಟೋಕನ್‌ಗೂ ಹಾಗೇ 18 ದಶಾಂಶ ಸ್ಥಾನ, ಅದರ ಚಿಲ್ಲರೆಯನ್ನೂ ನಾವು ವೇ ಅಂತಲೇ ಕರೆಯೋದು. 11 ವೇಗೆ ಒಂದು ಕಡಲೆಕಾಯಿಯೂ ಬರಲ್ಲ. ಆದರೆ ನಾನು ಮಾಡಿಕೊಟ್ಟ ವಾಲೆಟ್‌ನಲ್ಲಿ 'ಪೂರ್ತಿ ಕಳಿಸಿ' ಒತ್ತಿದರೆ ಕೆಲವರಿಗೆ ಮಾತ್ರ 'ಬ್ಯಾಲೆನ್ಸ್ ಸಾಲದು' ಅಂತ ಬರುತ್ತಿತ್ತು. ಎರಡು ರಾತ್ರಿ ಹುಡುಕಿದೆ. ನೀವೂ ಬ್ರೌಸರ್ ಕನ್ಸೋಲ್ ತೆಗೆದು 1234567890123456789 ಅಂತ ಹೊಡೆದು ಎಂಟರ್ ಒತ್ತಿ. 1234567890123456800 ಅನ್ನುತ್ತದೆ. 11 ಜಾಸ್ತಿ! ಇರೋದಕ್ಕಿಂತ ಜಾಸ್ತಿ ಕಳಿಸು ಅಂದರೆ ಯಾವ ಕಾಂಟ್ರಾಕ್ಟ್ (ಟೋಕನ್ ವಹಿವಾಟು ನಡೆಸುವ ಪ್ರೋಗ್ರಾಂ) ಒಪ್ಪುತ್ತದೆ?

ಮಾಮೂಲಿ ನಂಬರ್ 9007199254740991 ದಾಟಿದ ಮೇಲೆ ನಂಬಿಕೆಗೆ ಯೋಗ್ಯ ಅಲ್ಲ. ವೇ ಲೆಕ್ಕದಲ್ಲಿ ಅದು 0.01 ಈಥರ್ ಕೂಡ ಆಗಲ್ಲ. ಬಿಟ್‌ಕಾಯಿನ್‌ನವರು ಪುಣ್ಯವಂತರು. ಅವರ 2.1 ಕೋಟಿ ನಾಣ್ಯವನ್ನೂ ಸತೋಶಿ (ಅವರ ಅತಿ ಸಣ್ಣ ಚಿಲ್ಲರೆ) ಮಾಡಿದರೂ ಈ ಮಿತಿಯೊಳಗೇ ಬರುತ್ತದೆ.

ಬಿಗ್‌ಇಂಟ್‌ಗೆ ಅಂಥ ಮಿತಿ ಇಲ್ಲ, ಲೈಬ್ರರಿ ಹಾಕಿಕೊಳ್ಳುವ ಖರ್ಚೂ ಇಲ್ಲ. ಸಂಖ್ಯೆಯ ಬಾಲಕ್ಕೆ ಒಂದು 'ಎನ್' (n) ಅಂಟಿಸಿದರೆ ಸಾಕು. ನನಗೆ ಇಷ್ಟವಾದದ್ದು ಅಂಡರ್‌ಸ್ಕೋರ್. ಅಂಕಿಗಳ ಮಧ್ಯೆ ಎಲ್ಲಿ ಬೇಕಾದರೂ ಹಾಕಬಹುದು. ಹಾಗಾಗಿ ನಾನು ಮಿಲಿಯನ್ ಬಿಟ್ಟು 10_00_000 ಅಂತ ಲಕ್ಷದ ಲೆಕ್ಕದಲ್ಲೇ ಬರೆಯುತ್ತೇನೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ಹಿಂದಿನ ದಿನದ ಕೋಡಿನ ಸೊನ್ನೆಗಳನ್ನು ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸೋದು ಈಗ ಅಭ್ಯಾಸವೇ ಆಗಿದೆ. ಎನ್ ಇರುವ ಸಂಖ್ಯೆಗೆ ಇಲ್ಲದ ಸಂಖ್ಯೆ ಕೂಡಿಸಿದರೆ ತಕ್ಷಣ ಎರರ್. ಮೊದಮೊದಲು ರೇಗುತ್ತಿತ್ತು. ಈಗ, ಸುಮ್ನೆ ತಪ್ಪು ಉತ್ತರ ಕೊಡೋದಕ್ಕಿಂತ ಬೈಯೋದೇ ವಾಸಿ ಅನ್ನಿಸುತ್ತದೆ.

ಆದರೆ ಭಾಗಾಕಾರದಲ್ಲಿ ಬೈಯೋದಿಲ್ಲ, ಅದೇ ಬೇಜಾರು. 0.3 ಪರ್ಸೆಂಟ್ ಫೀ ಹಾಕಲು ಮೊದಲು 3ನ್ನು 1000ದಿಂದ ಭಾಗಿಸಿ, ಬಂದದ್ದನ್ನು ಮೊತ್ತಕ್ಕೆ ಗುಣಿಸಿದೆ. ದಶಾಂಶ ಉದುರಿ ಹೋಗುತ್ತದೆ, ಫೀ ಪೂರಾ ಸೊನ್ನೆ. ಪುಣ್ಯಕ್ಕೆ ಟೆಸ್ಟ್‌ನೆಟ್‌ನಲ್ಲೇ (ನಿಜವಾದ ದುಡ್ಡಿಲ್ಲದ ಪರೀಕ್ಷಾ ಜಾಲ) ಗೊತ್ತಾಯಿತು. ಗುಣಾಕಾರ ಮೊದಲು, ಭಾಗಾಕಾರ ಕೊನೆಗೆ.

ನಿಜವಾದ ತಲೆನೋವು ಜೇಸನ್ (JSON), ಪ್ರೋಗ್ರಾಂಗಳು ಮಾಹಿತಿಯನ್ನು ಪಠ್ಯವಾಗಿ ಕಳಿಸಿಕೊಳ್ಳುವ ರೂಪ. ಬಿಗ್‌ಇಂಟ್ ಇರುವ ಆಬ್ಜೆಕ್ಟ್ ಅನ್ನು ಸ್ಟ್ರಿಂಗಿಫೈ ಮಾಡಲು (ಆ ಪಠ್ಯಕ್ಕೆ ಇಳಿಸಲು) ಹೋದರೆ ಟೈಪ್‌ಎರರ್ ಎಸೆದು ಕೂರುತ್ತದೆ. ಪ್ರತಿ ಸಲ ಸ್ಟ್ರಿಂಗ್ (ಕೋಟ್ಸ್ ಒಳಗಿನ ಪಠ್ಯ) ಮಾಡು, ಆ ಕಡೆ ಮತ್ತೆ ಬಿಗ್‌ಇಂಟ್ ಮಾಡು. ಇದನ್ನಾದರೂ ಸಹಿಸಬಹುದು. ಸರ್ವರ್ ಕಡೆಯವರು ಬ್ಯಾಲೆನ್ಸನ್ನು ಕೋಟ್ಸ್ ಇಲ್ಲದೆ ಬರೀ ನಂಬರ್ ಆಗಿ ಕಳಿಸಿದರೆ, ಪಾರ್ಸ್ ಆಗುವಾಗಲೇ (ಆ ಪಠ್ಯ ಓದಿ ಮಾಮೂಲಿ ನಂಬರ್ ಮಾಡಿಕೊಳ್ಳುವಾಗಲೇ) ಕೊನೆಯ ಅಂಕಿಗಳು ಕೆಟ್ಟಿರುತ್ತವೆ. ಆಮೇಲೆ ಬಿಗ್‌ಇಂಟ್ ಮಾಡೋದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ತಪ್ಪು ಸಂಖ್ಯೆಯನ್ನೇ ಬಹಳ ನಿಷ್ಠೆಯಿಂದ ಕಾಯುತ್ತದೆ, ಅಷ್ಟೇ.

ಐದಕ್ಕೆ ನಾಲ್ಕು ಸ್ಟಾರ್. ಹೊಸ ಪ್ರಾಜೆಕ್ಟ್ ಒಪ್ಪಿಕೊಂಡರೆ ದುಡ್ಡಿನ ಮಾತಿಗೂ ಮೊದಲು ನಾನು ಕೇಳೋದು ಒಂದೇ: ಬ್ಯಾಲೆನ್ಸಿಗೆ ಕೋಟ್ಸ್ ಹಾಕಿ ಕಳಿಸ್ತೀರಾ?