ಗಾಡಿ ಮೇಲಿನ ಟೆಂಟು: ಆಫ್ರಿಕಾ ಸಫಾರಿಗೆ ಬಾಡಿಗೆ ಹಿಡಿಯುವ ಮುಂಚೆ ಇದನ್ನು ಓದಿ

ಆಫ್ರಿಕಾದ ಕಾಡುಗಳಿಗೆ ನಾವೇ ಗಾಡಿ ಓಡಿಸಿಕೊಂಡು ಹೋಗ್ತೀವಿ ಅಂದರೆ ಸಾಕು, ಎಲ್ಲರೂ ಕೊಡುವ ಸಲಹೆ ಒಂದೇ. ಟೊಯೋಟಾ ಹೈಲಕ್ಸ್ ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನ ಪಿಕಪ್ ಗಾಡಿ ತಗೊಳ್ಳಿ, ಮೇಲೆ ಟೆಂಟು ಇರೋದೇ ತಗೊಳ್ಳಿ. ನಾವೂ ಅದನ್ನೇ ಮಾಡಿದೆವು. ನಾವು ಮೈಸೂರಿನವರು, ನಮ್ಮನೆಯವರ ಕೆಲಸ ಈಗ ಜೋಹಾನ್ಸ್‌ಬರ್ಗ್‌ನಲ್ಲಿ. ಇಲ್ಲಿಗೆ ಬಂದಮೇಲೆ ಉದ್ದ ರಜೆ ಸಿಕ್ಕಾಗಲೆಲ್ಲ ಇಂಥ ಗಾಡಿ ಬಾಡಿಗೆ ಹಿಡಿದು ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ, ಕಲಗಾಡಿ, ನಮೀಬಿಯಾದ ಎಟೋಶಾ, ಬೋಟ್ಸ್‌ವಾನಾದ ಚೋಬೆ ಎಲ್ಲ ಸುತ್ತಿದ್ದೇವೆ. ಫ್ರಿಜ್ ಎಷ್ಟು ದೊಡ್ಡದು, ಗ್ಯಾಸ್ ಸಿಲಿಂಡರ್ ಎಷ್ಟು, ಎರಡನೇ ಬ್ಯಾಟರಿ ಯಾವುದು ಅನ್ನೋದೆಲ್ಲ ಬಾಡಿಗೆಯವರ ಪಟ್ಟಿಯಲ್ಲೇ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಿನ ಜಾವ ಆ ಟೆಂಟನ್ನು ಮಡಚುವ ಕೆಲಸ.

ಕ್ರೂಗರ್‌ನಲ್ಲಿ ರಾತ್ರಿ ಎಲ್ಲರೂ ಬೇಲಿ ಹಾಕಿದ ಕ್ಯಾಂಪಿನ ಒಳಗೇ ಇರಬೇಕು. ಜೂನ್ ತಿಂಗಳಲ್ಲಿ, ಅಂದರೆ ಇಲ್ಲಿನ ಚಳಿಗಾಲದಲ್ಲಿ, ಕ್ಯಾಂಪಿನ ಗೇಟು ತೆರೆಯುವುದು ಬೆಳಗ್ಗೆ 6ಕ್ಕೆ, ಮುಚ್ಚುವುದು ಸಂಜೆ 5.30ಕ್ಕೆ. ಇದರಲ್ಲಿ ಮೊದಲ ಒಂದು ಗಂಟೆಗೆ ಬೆಲೆ ಕಟ್ಟೋಕಾಗಲ್ಲ. ರಾತ್ರಿಯೆಲ್ಲ ಓಡಾಡಿದ ಸಿಂಹಗಳು ಇನ್ನೂ ರಸ್ತೆಯ ಮೇಲೇ ಇರುತ್ತವೆ. ಕತ್ತೆಕಿರುಬಗಳು ಮರಿಗಳ ಹತ್ತಿರ ವಾಪಸ್ ಹೋಗುತ್ತಿರುತ್ತವೆ. ಒಂಬತ್ತು ಗಂಟೆ ದಾಟಿ ಬಿಸಿಲೇರಿತು ಅಂದರೆ ಇವೆಲ್ಲ ನೆರಳು ಹುಡುಕಿಕೊಂಡು ಪೊದೆಗೆ ಸೇರುತ್ತವೆ. ಆಮೇಲೆ ಜಿಂಕೆ, ಆನೆ, ಜಿರಾಫೆ, ಝೀಬ್ರಾಗಳನ್ನು ಧಾರಾಳವಾಗಿ ನೋಡಬಹುದು. ಬೇಟೆಯಾಡುವ ಪ್ರಾಣಿಗಳು ಮಾತ್ರ ಅದೃಷ್ಟವಿದ್ದರೆ ಸಿಕ್ಕಾವು.

ಈಗ ಯೋಚನೆ ಮಾಡಿ. ನೆಲದ ಮೇಲೆ ಟೆಂಟ್ ಹಾಕಿದವರು 5.50ಕ್ಕೆ ಎದ್ದು, ಮುಖ ತೊಳೆದು, ಕಾರು ಹತ್ತಿ ಹೋಗುತ್ತಾರೆ. ಟೆಂಟು ಅಲ್ಲೇ ಇರುತ್ತದೆ. ನಮ್ಮ ಮನೆ ಇರುವುದು ಗಾಡಿಯ ತಲೆಯ ಮೇಲೆ. ಮನೆ ಮಡಚದೆ ಗಾಡಿ ಕದಲುವ ಹಾಗಿಲ್ಲ. ಕತ್ತಲಲ್ಲಿ ಹಣೆಗೆ ಟಾರ್ಚ್ ಕಟ್ಟಿಕೊಂಡು, ದಿಂಬು ತೆಗೆದು, ಕಿಟಕಿಯ ಸರಳು ಕಳಚಿ, ಏಣಿಯನ್ನೇ ಸನ್ನೆಕೋಲು ಮಾಡಿಕೊಂಡು ಅರ್ಧ ಟೆಂಟನ್ನು ಇನ್ನರ್ಧದ ಮೇಲೆ ಮಗುಚಬೇಕು. ಇಬ್ಬನಿ ಕುಡಿದ ಬಟ್ಟೆ ಎರಡು ಪಟ್ಟು ಭಾರ. ಹೊರಗೆ ಉಬ್ಬಿದ ಬಟ್ಟೆಯನ್ನೆಲ್ಲ ಬೆರಳಲ್ಲಿ ಒಳಗೆ ತುರುಕಬೇಕು. ಆಮೇಲೆ ಮಡಚಿದ ಟೆಂಟಿನ ಮೇಲೆ ಹಾಕುವ ಪಿವಿಸಿ ಹೊದಿಕೆ. ಬಿಸಿಲಲ್ಲಿ ಮೆತ್ತಗಿರುವ ಅದು ಚಳಿಗೆ ಸೆಟೆದು ನಿಂತಿರುತ್ತದೆ. ಅದನ್ನು ಸುತ್ತಲೂ ಎಳೆದು ಜಿಪ್ ಹಾಕಬೇಕು. ಒಬ್ಬರು ಟೈರಿನ ಮೇಲೆ ನಿಂತು ಅದುಮಿ ಹಿಡಿದರೆ ಇನ್ನೊಬ್ಬರು ಜಿಪ್ ಎಳೆಯಬಹುದು. ನಮ್ಮಿಬ್ಬರಿಗೂ ಚೆನ್ನಾಗಿ ಕೈ ಕುದುರಿದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಬೇಕೇ ಬೇಕು. ಸಂಜೆ ವಾಪಸ್ ಬಂದಮೇಲೆ ಮತ್ತೆ ಬಿಚ್ಚುವುದು. ಪ್ರತಿದಿನ!

ಸಟಾರಾ ಕ್ಯಾಂಪಿನಲ್ಲಿ ಒಂದು ಬೆಳಗ್ಗೆ ಧೂಳು ಕಚ್ಚಿಕೊಂಡು ಜಿಪ್ ಮೂಲೆಯಲ್ಲಿ ಸಿಕ್ಕಿಬಿತ್ತು. ಹಿಂದೆಯೂ ಬರಲ್ಲ, ಮುಂದೆಯೂ ಹೋಗಲ್ಲ. ನಮ್ಮ ಪಕ್ಕದಿಂದಲೇ ಒಂದೊಂದಾಗಿ ಕಾರುಗಳು ಗೇಟಿನ ಕಡೆ ಹೊರಟವು. ಅಲ್ಲಿಂದ ಹತ್ತಿರದಲ್ಲೇ ಎಸ್-100 ಅನ್ನುವ ಮಣ್ಣಿನ ರಸ್ತೆ ಇದೆ. ಸಿಂಹಕ್ಕೆ ಹೆಸರಾದ ರಸ್ತೆ ಅದು. ನಾವು ತಲುಪುವ ಹೊತ್ತಿಗೆ ಎದುರಿನಿಂದ ಬಂದ ಅಜ್ಜಿಯೊಬ್ಬರು ಗಾಜು ಇಳಿಸಿ, ಮರಿಗಳ ಸಮೇತ ಇಡೀ ಗುಂಪು ಈಗಷ್ಟೇ ರಸ್ತೆ ದಾಟಿ ಹುಲ್ಲಿಗೆ ಇಳಿಯಿತು ಅಂದರು. ಒಣಹುಲ್ಲು ಆಳೆತ್ತರ. ಒಂದು ಕಿವಿಯೂ ಕಾಣಲಿಲ್ಲ. ಬಂಡೀಪುರದಲ್ಲಿ ಹೀಗಾದರೆ ಜೀಪಿನವರ ಸಮಯ, ಅವರ ದಾರಿ ಅಂತ ಸುಮ್ಮನಾಗುತ್ತಿದ್ದೆ. ಇಲ್ಲಿ ಸ್ಟೀರಿಂಗು ನನ್ನ ಕೈಯಲ್ಲೇ ಇತ್ತು, ದಾರಿಯೂ ಗೊತ್ತಿತ್ತು. ಒಂದು ಜಿಪ್ಪಿಗಾಗಿ ಅದು ಕೈತಪ್ಪಿತು. ಆ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಇಳಿದಿಲ್ಲ.

ಇಷ್ಟು ಬೈದ ಮೇಲೆ ಗಾಡಿಯ ಒಳ್ಳೆಯದನ್ನೂ ಹೇಳಬೇಕು. ಎತ್ತರದ ಸೀಟು ದೊಡ್ಡ ವರ. ಸಣ್ಣ ಕಾರಿನಿಂದ ಹುಲ್ಲಷ್ಟೇ ಕಾಣುವ ಕಡೆ ನಮಗೆ ಹುಲ್ಲಿನ ಆಚೆ ಮಲಗಿದ ಚೀತಾ ಕಾಣುತ್ತದೆ. ಇಲ್ಲಿಯೂ ನಮ್ಮ ಹಾಗೆ ಎಡಗಡೆ ಓಡಿಸುವುದು, ಆದ್ದರಿಂದ ಗೊಂದಲವಿಲ್ಲ. ಕ್ರೂಗರ್‌ನಲ್ಲಿ ಟಾರು ರಸ್ತೆಗೆ 50, ಮಣ್ಣಿನ ರಸ್ತೆಗೆ 40 ಕಿಲೋಮೀಟರ್ ಮಿತಿ. ನಾವು ಅದಕ್ಕಿಂತಲೂ ನಿಧಾನ. ಗಾಡಿ ಓಡಿಸುವುದು ನಾನು, ದುರ್ಬೀನು ನಮ್ಮನೆಯವರ ಕೈಯಲ್ಲಿ. "ಏ, ನಿಲ್ಸು ನಿಲ್ಸು, ಸ್ವಲ್ಪ ಹಿಂದೆ ತಗೋ" ಅಂತಾರೆ. ಹಿಂದೆ ತಗೊಂಡರೆ ಬೇಲಿಮುಳ್ಳಿನ ಮೇಲೊಂದು ನೀಲಕಂಠ. ನೇರಳೆ ಎದೆಯ ಆ ಹಕ್ಕಿ ಅಲ್ಲಿ ಹೆಜ್ಜೆಗೊಂದು ಸಿಗುತ್ತದೆ, ಆದರೂ ಪ್ರತಿ ಸಲ ನಿಲ್ಲಿಸಲೇಬೇಕು. ಎಂಜಿನ್ ಆಫ್ ಮಾಡಿ ಒಂದು ನೀರುಗುಂಡಿಯ ಮುಂದೆ ಬೇಕಾದಷ್ಟು ಹೊತ್ತು ಕೂರಬಹುದು. ಹೊರಡಿ ಅನ್ನುವವರು ಯಾರೂ ಇಲ್ಲ. ಗಾಡಿಯಿಂದ ಇಳಿಯುವಂತಿಲ್ಲ ಅನ್ನುವುದೊಂದೇ ಕಟ್ಟಪ್ಪಣೆ. ಒಲಿಫಾಂಟ್ಸ್ ನದಿಯ ದೊಡ್ಡ ಸೇತುವೆಯಂಥ ಕೆಲವು ಜಾಗಗಳಲ್ಲಿ ಮಾತ್ರ ಇಳಿದು ಕಾಲು ಚಾಚಬಹುದು.

ಬೆಳಗಿನ ಕಾಫಿ ನಮಗೆ ಪೂಜೆ ಇದ್ದ ಹಾಗೆ. ಮೈಸೂರಿನಿಂದ ತಂದ ಪುಟ್ಟ ಸ್ಟೀಲ್ ಫಿಲ್ಟರ್‌ನಲ್ಲಿ ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟಿರುತ್ತೇವೆ. ಬೆಳಗ್ಗೆ ಪ್ಯಾಕೆಟ್ ಹಾಲು ಕಾಯಿಸಿ, ಕಾಫಿ ಬೆರೆಸಿ ಫ್ಲಾಸ್ಕಿಗೆ ಸುರಿದರೆ ಆಯಿತು. ಕುಡಿಯುವುದು ಮಾತ್ರ ಸೂರ್ಯ ಹುಟ್ಟಿದ ಮೇಲೆ, ಯಾವುದಾದರೂ ನೀರಿನ ಎದುರು. ಇಲ್ಲಿನವರಿಗೂ ಬೆಳಗಿನ ಸಫಾರಿಗೆ ಕಾಫಿ, ರಸ್ಕು ಇರಲೇಬೇಕು. ಇವರ ರಸ್ಕು ಇಟ್ಟಿಗೆಯಷ್ಟು ದಪ್ಪ, ಮಜ್ಜಿಗೆ ಹಾಕಿ ಮಾಡಿದ್ದು, ಅದ್ದದೆ ಕಚ್ಚಿದರೆ ಹಲ್ಲಿಗೆ ಕಷ್ಟ. ಕ್ರೂಗರ್‌ನ ಲೋವರ್ ಸಾಬಿ ಕ್ಯಾಂಪಿನ ಹತ್ತಿರದ ಸನ್‌ಸೆಟ್ ಡ್ಯಾಮ್‌ನಲ್ಲಿ ನೀರಾನೆಗಳು ಗೊರಗುಟ್ಟುವಾಗ ಆ ರಸ್ಕನ್ನು ಫಿಲ್ಟರ್ ಕಾಫಿಗೆ ಅದ್ದಿ ತಿನ್ನುವ ಸುಖಕ್ಕಾಗಿಯೇ ನಾನು ಮತ್ತೆ ಹೋಗುತ್ತೇನೆ.

ಸಂಜೆ ಅಡುಗೆ ಕ್ಯಾಂಪಿನ ಕೆಂಡದ ಮೇಲೆ. ಪ್ರತಿ ಜಾಗಕ್ಕೂ ಒಲೆ, ಕಂಬಿಯ ಜಾಲರಿ ಕೊಟ್ಟಿರುತ್ತಾರೆ. ಸೌದೆ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಅಕ್ಕಪಕ್ಕದವರು ಮಾಂಸ ಸುಡುವಾಗ ನಾವು ದೊಡ್ಡ ಬದನೆಕಾಯಿ ಸುಡುತ್ತೇವೆ. ಸಿಪ್ಪೆ ಕರಕಲಾದ ಮೇಲೆ ಸುಲಿದು, ಹಿಚುಕಿ, ಹಸಿಮೆಣಸು, ಈರುಳ್ಳಿ, ಮೊಸರು ಹಾಕಿದರೆ ಗೊಜ್ಜು ರೆಡಿ. ಜೊತೆಗೆ ಇಲ್ಲಿನ ಪಾಪ್, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಸಸ್ಯಾಹಾರಿಗಳಿಗೆ ಇನ್ನೊಂದು ಅನುಕೂಲವಿದೆ. ಜಾನುವಾರುಗಳ ಕಾಲುಬಾಯಿ ಜ್ವರ ಹರಡಬಾರದು ಅಂತ ಬೋಟ್ಸ್‌ವಾನಾ, ನಮೀಬಿಯಾಗಳಲ್ಲಿ ದಾರಿಯ ತಪಾಸಣೆ ಬೇಲಿಗಳ ಹತ್ತಿರ ಹಸಿ ಮಾಂಸ ಕಿತ್ತುಕೊಳ್ಳುತ್ತಾರೆ. ನಮ್ಮ ಫ್ರಿಜ್‌ನಲ್ಲಿ ಅದು ಇರುತ್ತಲೇ ಇರಲಿಲ್ಲ.

ಕಲಗಾಡಿಯ ಕಥೆ ಬೇರೆ. ಅದು ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್‌ವಾನಾ 2000ದಲ್ಲಿ ಸೇರಿಸಿ ಒಂದು ಮಾಡಿದ ಮರುಭೂಮಿ ಕಾಡು. ಒಣಗಿದ ಎರಡು ನದಿಪಾತ್ರಗಳ ಉದ್ದಕ್ಕೂ ರಸ್ತೆ. ಕಪ್ಪು ಕೇಸರದ ಸಿಂಹಗಳಿಗೆ ಹೆಸರುವಾಸಿ. ರಸ್ತೆಯ ಮೇಲೆ ಸಾಲುಸಾಲು ಅಲೆ, ಗಾಡಿಯ ಪ್ರತಿ ನಟ್ಟೂ ಅದುರುತ್ತದೆ. ಹಿಂದಿನ ಬಾಗಿಲ ಸಂದಿಯಿಂದ ನುಗ್ಗಿದ ಕೆಂಪು ಧೂಳು ನಮ್ಮ ಅವಲಕ್ಕಿ ಡಬ್ಬದ ಮುಚ್ಚಳದ ಮೇಲೆಲ್ಲ ಕೂತಿತ್ತು. ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ನೊಸೊಬ್ ಕ್ಯಾಂಪಿನಲ್ಲಿ ಒಂದು ಬೆಳಗ್ಗೆ ಹೊದಿಕೆಯ ಮೇಲೆ ಬಿಳಿ ಹಿಮದ ಪದರವಿತ್ತು. ಜಿಪ್ಪಿನ ಲೋಹ ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಗಾಳಿ ಎದ್ದರೆ ಅಷ್ಟೆತ್ತರದಲ್ಲಿ ಬಟ್ಟೆ ಪಟಪಟ ಬಡಿದು ನಿದ್ದೆಯೂ ಇಲ್ಲ. ಇನ್ನು ಈ ಟೆಂಟಿನ ಸಹವಾಸವೇ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದ್ದೆ.

ಆ ತೀರ್ಮಾನ ಬದಲಾಗಿದ್ದು ಚೋಬೆಯ ಸವೂಟಿಯಲ್ಲಿ. ಹೋಗುವ ದಾರಿ ಆಳವಾದ ಮರಳು. ಟೈರಿನ ಗಾಳಿ ಅರ್ಧದಷ್ಟು ಇಳಿಸಿ, ಫೋರ್ ವೀಲ್ ಹಾಕಿ, ಎಲ್ಲೂ ನಿಲ್ಲಿಸದೆ ಓಡಿಸಬೇಕು. ಕ್ಯಾಂಪಿಗೆ ಬೇಲಿಯೇ ಇಲ್ಲ. ನೀರಿನ ವಾಸನೆಗೆ ಆನೆಗಳು ನುಗ್ಗದ ಹಾಗೆ ಬಚ್ಚಲುಮನೆಯ ಸುತ್ತ ದಪ್ಪ ಗೋಡೆ ಕಟ್ಟಿದ್ದಾರೆ. ಕಿತ್ತಳೆ ಹಣ್ಣು ಜೊತೆಗಿಟ್ಟುಕೊಳ್ಳಬೇಡಿ, ಆನೆಗೆ ಅದರ ವಾಸನೆ ದೂರದಿಂದಲೇ ಹತ್ತುತ್ತದೆ ಅಂತ ಮೊದಲೇ ತಿಳಿದಿತ್ತು. ಆ ರಾತ್ರಿ ನಮ್ಮ ಮರದ ಕೆಳಗೆ ಒಂದು ಒಂಟಿ ಗಂಡಾನೆ ಬಂತು. ಹೆಜ್ಜೆಯ ಸದ್ದೇ ಇಲ್ಲ. ಮೊದಲು ಕೇಳಿಸಿದ್ದು ಮರ ಅಲುಗಿದ್ದು, ಆಮೇಲೆ ಜಾಲಿಯ ಕಾಯಿಗಳು ನಮ್ಮ ಟೆಂಟಿನ ಮೇಲೆ ತಪತಪ ಬಿದ್ದಿದ್ದು. "ರೀ, ಉಸಿರು ಬಿಡಬೇಡಿ" ಅಂದೆ. ಸೊಂಡಿಲು ಒಂದೊಂದೇ ಕಾಯಿ ಆರಿಸುವುದು, ಹಲ್ಲಿನಲ್ಲಿ ಅದು ಕಟಕಟ ಮುರಿಯುವುದು, ಹೊಟ್ಟೆಯೊಳಗಿನ ಗುಡುಗುಡು ಎಲ್ಲ ಕೇಳುತ್ತಿತ್ತು. ಸೊಳ್ಳೆಪರದೆಯ ಕಿಟಕಿಯಿಂದ ನೋಡಿದರೆ ಅದರ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. ಉದ್ದ ರೆಪ್ಪೆ, ಕೆನ್ನೆಯ ಮೇಲೆ ಒದ್ದೆ ಗೆರೆ. ನೆಲದ ಟೆಂಟಿನಲ್ಲಿ ಇದ್ದಿದ್ದರೆ ನನಗೆ ಕಾಣುತ್ತಿದ್ದದ್ದು ಅದರ ಪಾದ ಮಾತ್ರ, ಮತ್ತು ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು. ಮೇಲಿದ್ದುದರಿಂದ ಹೆದರಿಕೆ ಇಳಿದು ನೋಡುವುದಕ್ಕೆ ಮನಸ್ಸು ಬಂತು.

ಹಾಗಾಗಿ ನನ್ನ ಅಭಿಪ್ರಾಯ ಹೋಗುವ ಜಾಗದ ಮೇಲಿದೆ. ಬೇಲಿಯಿಲ್ಲದ ಸವೂಟಿ, ಬೋಟ್ಸ್‌ವಾನಾದ್ದೇ ಇನ್ನೊಂದು ಕಾಡಾದ ಮೊರೆಮಿ ಕಡೆಗೆ ಈ ಗಾಡಿಯೇ ಸರಿ, ಎಷ್ಟೇ ದುಬಾರಿ ಆಗಲಿ. ಕಲಗಾಡಿಗೆ ಎತ್ತರದ ಗಾಡಿ ಬೇಕು, ಮೇಲಿನ ಟೆಂಟು ಬೇಕಾಗಿಲ್ಲ. ಎಟೋಶಾದಲ್ಲಿ ಒಕಾಕುಯೋ ಕ್ಯಾಂಪಿನ ನೀರುಗುಂಡಿಗೆ ರಾತ್ರಿಯಿಡೀ ದೀಪ ಹಾಕಿರುತ್ತಾರೆ. ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತರೆ ಕಪ್ಪು ಘೇಂಡಾಮೃಗ ತಾನಾಗಿಯೇ ಬರುತ್ತದೆ. ಅಲ್ಲಿ ಮಲಗುವುದು ಎಲ್ಲಿ ಅನ್ನೋದು ಮುಖ್ಯವೇ ಅಲ್ಲ. ಕ್ರೂಗರ್‌ಗೆ ಮಾತ್ರ ಇದಕ್ಕೆ ದುಡ್ಡು ಸುರಿಯಬೇಡಿ. ಮುಖ್ಯ ರಸ್ತೆಗಳೆಲ್ಲ ಟಾರು, ಸಾಧಾರಣ ಕಾರು ಆರಾಮಾಗಿ ಹೋಗುತ್ತದೆ. ಅದನ್ನೇ ಹಿಡಿದಿದ್ದರೆ ನಾವು ಕೊಟ್ಟ ಬಾಡಿಗೆಯಲ್ಲಿ ಉಳಿದ ಹಣಕ್ಕೆ ಕ್ಯಾಂಪಿನ ಗುಡಿಸಲುಮನೆಯೇ ಸಿಗುತ್ತಿತ್ತು. ಆ ಮನೆಗಳು ಬೇಗ ತುಂಬುತ್ತವೆ, ತಿಂಗಳುಗಟ್ಟಲೆ ಮುಂಚೆಯೇ ಬುಕ್ ಮಾಡಿ.

ಮೇಲಿನ ಟೆಂಟೇ ಬೇಕು ಅನ್ನುವವರು ಬಾಡಿಗೆಯವರ ಅಂಗಳದಲ್ಲೇ ಒಮ್ಮೆ ಪೂರ್ತಿ ಬಿಚ್ಚಿ, ಮಡಚಿ, ಜಿಪ್ ನಾಲ್ಕೂ ಮೂಲೆ ದಾಟುತ್ತಾ ಅಂತ ನೋಡಿ. ಸರಿಯಾಗಿ ದಾಟದಿದ್ದರೆ ಬೇರೆ ಗಾಡಿ ಕೇಳಿ. ದಿಂಬುಗಳನ್ನು ಒಳಗಿಟ್ಟು ಮಡಚಬೇಡಿ, ಹೊದಿಕೆ ಸಾಲುವುದಿಲ್ಲ. ಒಂದು ಮೇಣದಬತ್ತಿ ಜೊತೆಗಿರಲಿ. ದಿನಾ ಸಂಜೆ ಜಿಪ್ಪಿನ ಹಲ್ಲು ಒರೆಸಿ, ಮೇಣ ಸವರಿ ಮಲಗಿದರೆ ಬೆಳಗ್ಗೆ ಅದು ಸಿಕ್ಕಿಕೊಳ್ಳುವುದು ಕಡಿಮೆ.